ಕರಿಮಡ್ಡಿಯ ಮೂಗುಕಂಬ

ಮರೆವಂತೆ, ನನಗೆ! ಹೋದ ಸಲ ಮೂಗುಕಂಬದ ಸುದ್ದಿ ಎತ್ತಿದ ಕೂಡಲೇ "ಮುತ್ಯಾನ ತಲಿ ಕೆಟ್ಟೈತಿ, ಹಂತಾ ಕಂಬ ಎಲ್ಲೂ ಇರಲಿಲ್ಲ" ಎಂದು ಊರಿನ ಫೋನ್ ಗುಂಪಿನಲ್ಲಿ ಧ್ವನಿ ಕಳಿಸಿ ನಕ್ಕವರು ಯಾರ್ಯಾರು ಅಂತ ನನಗೆ ಗೊತ್ತಿದೆ. ಹೆಸರು ಹೇಳಿ ಮಾನ ಕಳೆಯುವುದಿಲ್ಲ. ಆದರೆ ನೀವು ದಿನಾ ಎಮ್ಮೆ ಕಟ್ಟುವ ಆ ತುಕ್ಕು ಹಿಡಿದ ಕಂಬದ ನೆತ್ತಿಯ ಮೇಲೆ ಬೋಗುಣಿ ಬೋರಲು ಹಾಕಿದಂಥ ಗಾಜಿನ ಬುರುಡೆ ಇದೆಯಲ್ಲ, ಅದನ್ನು ಯಾಕೆ ಕೂರಿಸಿದ್ದಾರೆ ಎಂದು ಒಂದು ದಿನವಾದರೂ ಕೇಳಿದ್ದೀರಾ? ಪಾರಿವಾಳಕ್ಕೆ ಕೂರಲು ಜಾಗ ಬೇಕೆಂದು ಸರಕಾರ ಹಾಕಿಸಿತೇ?

ಇನ್ನೊಂದು ಕೇಳುತ್ತೇನೆ. ಕರಿಮಡ್ಡಿಯಲ್ಲಿ ಹಗಲು ಹೊತ್ತು ಒಳಚಿಲಕ ಹಾಕಿಕೊಂಡರೆ ಯಾರಾದರೂ ಬಂದು ಬಾಗಿಲು ಬಡಿದು "ಎಚ್ಚರದೀರೇನು?" ಎಂದು ಕೂಗುತ್ತಾರೆ. ಉತ್ತರ ಬರುವ ತನಕ ಕದಲುವುದಿಲ್ಲ. ಹೊಸದಾಗಿ ಮದುವೆಯಾದ ಹುಡುಗರು ಹಲ್ಲು ಕಡಿಯುತ್ತಾರೆ, ಬೇರೆ ಊರಿನಿಂದ ಬಂದ ಮಾಸ್ತರು ಇದೆಂಥಾ ಹುಚ್ಚರ ಊರು ಎಂದು ವರ್ಗ ಮಾಡಿಸಿಕೊಂಡು ಹೋಗುತ್ತಾರೆ. ಆ ಪದ್ಧತಿ ಎಲ್ಲಿಂದ ಬಂತು? ಗೊತ್ತಿಲ್ಲ, ಅಲ್ಲವೇ? ಹಾಗಾದರೆ ಬಾಯಿ ಮುಚ್ಚಿಕೊಂಡು ಕೇಳಿ. ನಡುವೆ ನಾನು ಕೆಮ್ಮಿದರೆ ಕಥೆ ಮುಗಿಯಿತು ಎಂದು ಎದ್ದು ಹೋಗಬೇಡಿ.

ಇದು ಮಣೂರ ಮನೆಯ ನೀಲಗಂಗಾಳ ಕಥೆ. ಕರಿಮಡ್ಡಿ ಆಗ ಹೊಳೆಸಾಲಿನಲ್ಲೇ ಕೆಟ್ಟ ಹೆಸರಿನ ಊರು. ಕನ್ಯೆ ಕೊಡುವವರು ಮೊದಲು ಕೇಳುತ್ತಿದ್ದದ್ದು ಹೊಲ ಎಷ್ಟಿದೆ ಎಂದಲ್ಲ, ಮನೆಯಲ್ಲಿ ಪಿಸ್ತೂಲು ಇದೆಯೋ ಇಲ್ಲವೋ ಎಂದು. ಇಲ್ಲ ಎಂದರೆ ಕೊಡುತ್ತಿರಲಿಲ್ಲ! ಪಿಸ್ತೂಲು ಇಲ್ಲದ ಮನೆಗೆ ಕೊಟ್ಟ ಮಗಳು ಬೇಗ ವಿಧವೆಯಾಗುತ್ತಾಳೆ ಎಂಬ ಲೆಕ್ಕ ಅವರದು. ಮಣೂರ ಮನೆಗೂ ಎದುರಿನ ಮೇಟಿ ಮನೆಗೂ ಹಳೆಯ ದ್ವೇಷ. ಒಂದು ಹೊಲದ ಬದುವಿನಿಂದ ಶುರುವಾಯಿತಂತೆ. ಹೊಳೆ ಉಕ್ಕಿ ಬಂದು ಬದುವನ್ನೂ ಹೊಲವನ್ನೂ ಕೊಚ್ಚಿಕೊಂಡು ಹೋಗಿ ಒಂದು ತಲೆಮಾರೇ ಕಳೆದಿತ್ತು. ದ್ವೇಷ ಮಾತ್ರ ದಂಡೆಯ ಮೇಲೆ ಉಳಿದಿತ್ತು. ಮಣೂರ ಕಡೆಯವರು ಮೇಟಿ ಶಂಕ್ರೆಪ್ಪನ ಹಿರಿಯ ಮಗನನ್ನು ಗುಂಡು ಹಾಕಿ ಕೊಂದರು. ಮೇಟಿ ಕಡೆಯವರು ನೀಲಗಂಗಾಳ ಅಪ್ಪ ರಾಮಗೊಂಡನನ್ನು, ಅವನು ಬಾವಿಯ ಮೋಟರು ಚಾಲೂ ಮಾಡಲು ಬಗ್ಗಿದ್ದಾಗ, ಬೆನ್ನಿಗೆ ಗುಂಡು ಹೊಡೆದು ಕೊಂದರು. ನೀಲಗಂಗಾ ಆಗ ಬುತ್ತಿ ಹಿಡಿದುಕೊಂಡು ಬದಿಯಲ್ಲೇ ನಿಂತಿದ್ದಳು. ತಮ್ಮ ಮಾಳಿಂಗರಾಯ ಇನ್ನೂ ತೊಟ್ಟಿಲಲ್ಲಿದ್ದ. ಅವರ ತಾಯಿ ಭಾಗವ್ವ ಗಂಡನ ಪಿಸ್ತೂಲನ್ನು ಗಂಡನ ತಲೆಯ ಪಟಗದಲ್ಲೇ ಸುತ್ತಿ, ಜೋಳ ಹೂಳುವ ಹಗೇವಿನಲ್ಲಿ ಇಳಿಬಿಟ್ಟು, ಮಗ ದೊಡ್ಡವನಾಗುವುದನ್ನು ಕಾಯುತ್ತ ಕೂತಳು.

ಮಗ ದೊಡ್ಡವನಾಗುವ ಮೊದಲು ಕಂಬಗಳು ಬಂದವು.

ರೇಷ್ಮೆಚಿಟ್ಟೆ ನೋಡಿದ್ದೀರಾ? ಗಂಡು ಚಿಟ್ಟೆಗೆ ತಿನ್ನಲು ಬಾಯಿಯಿಲ್ಲ, ಹಾರಲು ಬಲವಿಲ್ಲ. ಆದರೆ ಎಲ್ಲೋ ದೂರದಲ್ಲಿ ಹೆಣ್ಣು ಚಿಟ್ಟೆ ಇದ್ದರೆ ಅದರ ಮೀಸೆಗೆ ಗೊತ್ತಾಗುತ್ತದೆ. ಆ ಮೀಸೆಯಲ್ಲಿ ಕಣ್ಣಿಗೆ ಕಾಣದ ಬೀಗಗಳಿವೆಯಂತೆ. ವಾಸನೆಯೆಂದರೆ ಕೀಲಿ. ಸರಿಯಾದ ಕೀಲಿ ಬಂದು ಕೂತರೆ ಬೀಗ ಕದಲುತ್ತದೆ. ವಿಭಾವರಿ ಎಂಬ ವಿಜ್ಞಾನಿ ಆ ಬೀಗಗಳನ್ನು ಗಾಜಿನ ಬಿಲ್ಲೆಯ ಮೇಲೆ ಬೆಳೆಸುವುದನ್ನು ಕಂಡುಹಿಡಿದಳು. ಬೇಕಾದ ವಾಸನೆಗೆ ಬೇಕಾದ ಬೀಗ. ಬಿಲ್ಲೆಯನ್ನು ಗಾಜಿನ ಬುರುಡೆಯಲ್ಲಿಟ್ಟು ಓಣಿಗೊಂದು ಕಂಬ ನೆಟ್ಟರು. ತುಪಾಕಿಯ ಮದ್ದು ನೆಲದೊಳಗೆ ಹೂತಿದ್ದರೂ ಸಣ್ಣಗೆ ಉಸಿರಾಡುತ್ತದೆ. ಆ ಉಸಿರು ಬಿಲ್ಲೆಗೆ ತಾಗಿದರೆ ತಾಲೂಕಿನ ನಿಯಂತ್ರಣ ಕೋಣೆಯಲ್ಲಿ, ಊರಿನ ನಕ್ಷೆಯ ಮೇಲೆ, ಆ ಮನೆಯ ಜಾಗದಲ್ಲಿ ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ. ಜನ ಅದಕ್ಕೆ ಮೂಗುಕಂಬ ಎಂದರು. ಶುರುವಿನಲ್ಲಿ ಹೆಂಗಸರು ಅದರ ಕೆಳಗೆ ಹಾಯುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಯಾರೋ ಗಂಡಸು ಮೇಲೆ ಕೂತು ನೋಡುತ್ತಿದ್ದಾನೆ ಎನ್ನುವ ಹಾಗೆ.

ಕಲಿತ ಹುಡುಗಿ ಎಂದು ನೀಲಗಂಗಾಳಿಗೆ ಆ ಕೋಣೆಯಲ್ಲೇ ಕೆಲಸ ಸಿಕ್ಕಿತು. ಕರಿಮಡ್ಡಿಯ ನಕ್ಷೆ ಅವಳ ಪಾಲಿಗೆ. ಮೊದಲ ದಿನ ಪರದೆ ಹಚ್ಚಿದರೆ ಊರಿಗೆ ದಡಾರ ಎದ್ದ ಹಾಗೆ ಕಂಡಿತು. ಅದರಲ್ಲೊಂದು ಚುಕ್ಕೆ ಅವಳದೇ ಮನೆಯದು.

"ಯವ್ವಾ, ಪರದೆ ಮ್ಯಾಲ ನಮ್ಮ ಮನಿ ಕೆಂಪಗ ಉರಿಯಾಕತ್ತೈತಿ," ಎಂದಳು ಮನೆಗೆ ಬಂದು. "ನಾ ಯಾವ ಮುಖಾ ಇಟಗೊಂಡು ಅಲ್ಲಿ ಕುಂದರ್ಲಿ?"

ಭಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಎದುರಿನ ಮನಿ?"

"ಅದೂ ಕೆಂಪೈತಿ."

"ಹಂಗಾರ ಅದು ಆರಿದ ಮ್ಯಾಲ ಬಂದು ಹೇಳು."

ಪೊಲೀಸರು ಬಂದು ಅಗೆದರು, ಹಿಡಿದರು, ಬಡಿದರು. ಒಂದು ಪಿಸ್ತೂಲು ಹೋದ ಮನೆಯಲ್ಲಿ ಇನ್ನೊಂದು ಹುಟ್ಟುತ್ತಿತ್ತು. ಕಂಬಾರ ಮೌನೇಶ ಹಳೆಯ ಜೀಪಿನ ಸ್ಟೇರಿಂಗ್ ಕೊಳವೆಯಿಂದ ಪಿಸ್ತೂಲು ಮಾಡುತ್ತಿದ್ದ. ಅವನ ಕೈಗೆ ಬಿಡುವೇ ಇರಲಿಲ್ಲ. ಮೇಟಿ ಶಂಕ್ರೆಪ್ಪನನ್ನು ಠಾಣೆಗೆ ಕರೆದು ಕೇಳಿದರೆ ಅವನೂ ಭಾಗವ್ವನ ಮಾತನ್ನೇ ಹೇಳಿದ: "ಆಕಿದು ಮೊದಲ ತಗೀರಿ ಸಾಹೇಬರ, ನಂದು ನಾನಾ ತಂದು ಕೊಡ್ತೀನಿ. ಆಕಿ ಮನ್ಯಾಗ ಇರೂತನಕ ನನಗ ನಿದ್ದಿ ಹತ್ತೂದಿಲ್ಲ."

ಇದನ್ನು ಕೇಳಿ ನೀಲಗಂಗಾಳಿಗೆ ಒಂದು ವಿಷಯ ಹೊಳೆಯಿತು. ಇಬ್ಬರೂ ಪಿಸ್ತೂಲನ್ನು ಪ್ರೀತಿಸುತ್ತಿಲ್ಲ, ಇಬ್ಬರೂ ಎದುರಿನ ಪಿಸ್ತೂಲಿಗೆ ಹೆದರಿದ್ದಾರೆ, ಅಷ್ಟೇ. ಅವಳು ವಿಭಾವರಿ ಮೇಡಂ ಹತ್ತಿರ ಹೋಗಿ, ಪರದೆಯನ್ನು ಕೋಣೆಯಲ್ಲಿ ಮುಚ್ಚಿಡುವ ಬದಲು ಊರಿನಲ್ಲೇ ಹಚ್ಚೋಣ ಎಂದಳು.

"ಗುಟ್ಟು ಬಯಲಾಗಲ್ವಾ ನೀಲಾ?" ಎಂದಳು ವಿಭಾವರಿ. ಅವಳು ಮೈಸೂರು ಕಡೆಯವಳು.

"ಆಗ್ಲೇಬೇಕ್ರಿ ಮೇಡಂ. ಎದುರಿನಾಂವಂದು ಖರೇನ ಹೋಗೈತಿ ಅನ್ನೂದು ಕಣ್ಣೀಲೆ ಕಾಣಬೇಕು."

ಬನ್ನಿಹಬ್ಬದ ದಿನ ಬನ್ನಿಗಿಡದ ಕೆಳಗೆ ದೊಡ್ಡ ಪರದೆ ಹಚ್ಚಿದರು. ಊರಿಗೆ ಊರೇ ನೆರೆದಿತ್ತು. ಪಾಂಡವರು ಆಯುಧ ಕಟ್ಟಿಟ್ಟ ಗಿಡವಲ್ಲವೇ, ಅದರ ಕೆಳಗೆ ಸುಳ್ಳಾಡಲು ನಮ್ಮ ಜನಕ್ಕೆ ಅಂಜಿಕೆ. ಒಂದು ಕಡೆಯಿಂದ ಶಂಕ್ರೆಪ್ಪ ಬಂದ, ಇನ್ನೊಂದು ಕಡೆಯಿಂದ ಭಾಗವ್ವ. ಇಬ್ಬರ ಕೈಯಲ್ಲೂ ಬಟ್ಟೆಯ ಗಂಟು. ಗಂಟುಗಳನ್ನು ಗಾಳಿಯಾಡದ ಪೆಟ್ಟಿಗೆಗೆ ಹಾಕುವ ತನಕ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದು ಪರದೆಯನ್ನು. ಸ್ವಲ್ಪ ಹೊತ್ತಿಗೆ ಎದುರುಬದುರಿನ ಎರಡು ಚುಕ್ಕೆ ಮಂಕಾದವು, ಒಟ್ಟಿಗೇ ಆರಿದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊಳೆಯ ಸಪ್ಪಳ ಕೇಳುತ್ತಿತ್ತು.

ಶಂಕ್ರೆಪ್ಪ ಬನ್ನಿ ಎಲೆ ಮುಂದೆ ಚಾಚಿ, "ಬಂಗಾರ ತಗೋ ಭಾಗವ್ವಾ. ಇವತ್ತ ನಾ ಬಾಗಿಲಾ ತಗದ ಮಲಗ್ತೀನಿ," ಎಂದ.

"ಮಲಗು," ಎಂದಳು ಭಾಗವ್ವ ಎಲೆ ತೆಗೆದುಕೊಂಡು, ತಾನೂ ಎಲೆ ಕೊಟ್ಟು. "ನಿನ್ನ ಗೊರಕಿಗೆ ನನ್ನ ನಿದ್ದಿ ಕೆಡ್ತೈತಿ, ಅಷ್ಟ."

ಅವರ ಹಿಂದೆ ಉಳಿದವರೂ ಬಂದರು. ಒಂದು ಮನೆಯದು ಆರಿದರೆ ಅದರ ಎದುರು ಮನೆಗೆ ಪಿಸ್ತೂಲಿನ ಕೆಲಸವೇ ಉಳಿಯುತ್ತಿರಲಿಲ್ಲ. ಮೌನೇಶ ಒಲೆ ಆರಿಸಲಿಲ್ಲ, ಕಬ್ಬು ಕಡಿಯುವ ಕೊಯ್ತ ಬಡಿಯತೊಡಗಿದ. ಕೇಳುವವರೇ ಇಲ್ಲದ ಮಾಲನ್ನು ಯಾವ ಕಂಬಾರ ಮಾಡುತ್ತಾನೆ? ಆ ವರ್ಷ ಗುಂಡಿನಿಂದ ಯಾರೂ ಸಾಯಲಿಲ್ಲ. ಮರುವರ್ಷವೂ ಇಲ್ಲ. ಕಂಬದ ಮೂಗಿಗೆ ಸಿಗದ ಹಾಗೆ ಊರಾಚೆ ಒಂದೆರಡು ಕಳ್ಳತನದಿಂದ ಉಳಿದಿದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಪರದೆ ಕತ್ತಲಾಗಿತ್ತು, ಊರು ಮಲಗಿತ್ತು.

ಈಗ ನಿಮಗೆ ಖುಷಿಯಾಗಿರಬೇಕು. ಕಥೆ ಇಲ್ಲಿಗೆ ನಿಂತಿದ್ದರೆ ನನಗೂ ಆಗುತ್ತಿತ್ತು.

ಮಾಳಿಂಗರಾಯ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದ. ಒಳ್ಳೆಯ ಆಳು, ನಗೆಚಾಟಿಕೆಯವನು, ಅಕ್ಕನ ನಡಿಗೆ ಅನುಕರಿಸಿ ತೋರಿಸಿ ಏಟು ತಿನ್ನುತ್ತಿದ್ದ. ಒಮ್ಮೆ ಹೊರೆ ಹೊತ್ತು ಟ್ರೇಲರು ಏರುವಾಗ ಜಾರಿಬಿದ್ದ. ಬೆನ್ನುಹುರಿಯ ಹತ್ತಿರ ಏನೋ ಸರಿದುಹೋಯಿತು. ನೋವಿಗೆ ಗುಳಿಗೆ ಕೊಟ್ಟರು. ನೋವು ಹೋಯಿತೋ ಇಲ್ಲವೋ, ಗುಳಿಗೆ ಹೋಗಲಿಲ್ಲ. ಗ್ಯಾಂಗಿನಲ್ಲಿ ಅವನಂಥವರು ಇನ್ನೂ ಇದ್ದರು. ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನುಂಗಿ, ಕಣ್ಣು ಅರೆಮುಚ್ಚಿಕೊಂಡು ಒರಗುತ್ತಿದ್ದರು. ನೋಡಿದವರು ಉಗುಳಿ ಹೋಗುತ್ತಿದ್ದರು.

ಆದರೆ ಆ ಕಟ್ಟೆಗೆ ಒಂದು ಕಟ್ಟಳೆಯಿತ್ತು. ಕಬ್ಬಿನ ಹೊಲದಲ್ಲಿ ಎಲ್ಲರೂ ಮಲಗಿದಾಗ ಎತ್ತು ಕಾಯಲು ಒಬ್ಬ ಸರದಿಯ ಮೇಲೆ ಎಚ್ಚರ ಇರುತ್ತಾನಲ್ಲ, ಹಾಗೆಯೇ ಇಲ್ಲಿಯೂ ದಿನಕ್ಕೊಬ್ಬ ನುಂಗದೆ ಇರಬೇಕು. ಅವನು ಆಗಾಗ ಎದ್ದು ಪ್ರತಿಯೊಬ್ಬನ ಭುಜ ಅಲುಗಿಸಿ "ಎಚ್ಚರದೀಯೇನಪಾ?" ಎಂದು ಕೇಳಬೇಕು. "ಎಚ್ಚರದೇನಿ" ಎಂದರೆ ಸರಿ. ಅನ್ನದಿದ್ದರೆ ಕಪಾಳಕ್ಕೆ ಬಾರಿಸಬೇಕು, ಮುಖಕ್ಕೆ ನೀರು ಎರಚಬೇಕು, ಅದಕ್ಕೂ ಏಳದಿದ್ದರೆ ಹೊತ್ತುಕೊಂಡು ದವಾಖಾನೆಗೆ ಓಡಬೇಕು. ಆ ಕಟ್ಟೆಯ ಮೇಲೆ ಯಾರೂ ಸತ್ತಿರಲಿಲ್ಲ.

ಸರಕಾರಕ್ಕೆ ಕೋವಿಯ ಗೆಲುವು ತಲೆಗೇರಿತ್ತು. ಅದೇ ಕಂಬ, ಅದೇ ಬಿಲ್ಲೆ, ಇನ್ನೊಂದು ಬೀಗ ಕೂರಿಸಿದರೆ ಗುಳಿಗೆಯೂ ಹೋಗುತ್ತದೆ ಎಂದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನೀಲಗಂಗಾ. ತಮ್ಮನನ್ನು ಉಳಿಸುವ ದಾರಿ ತನ್ನ ಮೇಜಿನ ಮೇಲೇ ಬಂದು ಬಿದ್ದಿದೆ ಎಂದುಕೊಂಡಳು.

ಬೀಗ ಕೂರಿಸುವ ಸುದ್ದಿ ಕೇಳಿ ಮಾಳಿಂಗನ ಗೆಳೆಯ ದುಂಡಪ್ಪ ನಿಯಂತ್ರಣ ಕೋಣೆಯ ಗೇಟಿಗೆ ಬಂದು ನಿಂತ.

"ಅಕ್ಕಾರ, ಎಲ್ಲಾ ಕಡೆ ಹಚ್ರಿ. ಕಟ್ಟಿ ಮುಂದಿನ ಕಂಬ ಒಂದ ಬಿಡ್ರಿ."

"ಯಾಕ? ಕುಂತು ನುಂಗಾಕ ಛಾವಣಿ ಹಾಕಿಸಿ ಕೊಡ್ಲೇನು?"

"ನುಂಗೂದು ಎಲ್ಲಿದ್ರೂ ನುಂಗ್ತೀವ್ರಿ. ಅಲ್ಲಿ ಆದ್ರ ಒಬ್ಬಾಂವ ಎಚ್ಚರ ಇರ್ತಾನ."

"ನಾಚಿಕಿ ಬರಂಗಿಲ್ಲ ನಿನಗ?"

"ಬರ್ತೈತ್ರಿ," ಎಂದ ದುಂಡಪ್ಪ. "ನಾಚಿಕಿ ಬಂದ ದಿನಾ ಇನ್ನೊಂದು ಹೆಚ್ಚಿಗಿ ನುಂಗ್ತೀನಿ."

ಅವಳು ಗೇಟು ಹಾಕಿಸಿದಳು.

ಒಂದೇ ವಾರದಲ್ಲಿ ಕಟ್ಟೆ ಬರಿದಾಯಿತು. ಪರದೆಯ ಮೇಲೆ ಗುಳಿಗೆಯ ಹಳದಿ ಚುಕ್ಕೆಗಳು ಒಂದೊಂದಾಗಿ ಆರಿದವು. ವಿಭಾವರಿ ಫೇಡೆ ಹಂಚಿದಳು. ನೀಲಗಂಗಾ ತನ್ನ ಪಾಲಿನದನ್ನು ತಮ್ಮನಿಗೆಂದು ಕಾಗದದಲ್ಲಿ ಕಟ್ಟಿಕೊಂಡು ಹೋದಳು.

ಆಮೇಲೆ ಬಾಗಿಲುಗಳ ಕಾಲ ಶುರುವಾಯಿತು. ಒಳಚಿಲಕ ಹಾಕಿದ ಬಾಗಿಲು. ಹಗಲು ಹೊತ್ತು ಊರಿನಲ್ಲಿ ನಡೆದುಹೋದರೆ ಅಲ್ಲೊಂದು ಇಲ್ಲೊಂದು ಮನೆ ಹಾಗೇ ಗಪ್ಪನೆ ಮುಚ್ಚಿಕೊಂಡಿರುತ್ತಿತ್ತು. ಸಂಜೆಗೆ ಯಾರೋ ಒಡೆದು ನೋಡಿದರೆ ಒಳಗಿನವನ ತುಟಿ ನೀಲಿಯಾಗಿರುತ್ತಿತ್ತು. ಕಂಬಕ್ಕೆ ಗೊತ್ತೇ ಆಗಿರುತ್ತಿರಲಿಲ್ಲ, ಏಕೆಂದರೆ ಗುಳಿಗೆಯ ಜಾಗಕ್ಕೆ ವಾಸನೆಯೇ ಇಲ್ಲದ ಒಂದು ಪುಡಿ ಬಂದಿತ್ತು. ಜನ ಅದನ್ನು ಗಪ್ಪಪುಡಿ ಎಂದರು. ಮೂಗಿಗೆ ಸಿಗಬಾರದು ಎಂದರೆ ಮಾಲು ಸಣ್ಣದಿರಬೇಕು, ಸಣ್ಣದು ಸಾಲಬೇಕು ಎಂದರೆ ಗಟ್ಟಿಯಿರಬೇಕು. ಉಗುರಿನ ತುದಿಯಷ್ಟು ಹೆಚ್ಚಾದರೆ ಉಸಿರು ಮರೆತುಹೋಗುತ್ತದೆ. ಕಪಾಳಕ್ಕೆ ಬಾರಿಸಲು ಪಕ್ಕದಲ್ಲಿ ಯಾರೂ ಇಲ್ಲ.

"ಅದೇ ಕಂಬ, ಅದೇ ಬಿಲ್ಲೆ," ಎಂದು ವಿಭಾವರಿ ತಲೆ ಹಿಡಿದುಕೊಂಡಳು. "ಪಿಸ್ತೂಲು ಮಾಡೋರು ನಿಂತರು. ಇವರು ಯಾಕೆ ಹೊಸದು ಕಂಡುಹಿಡೀತಾರೆ?"

ಉತ್ತರ ನೀಲಗಂಗಾಳ ಮನೆಯಲ್ಲೇ ಇತ್ತು. ಮತ್ತೆ ಬನ್ನಿಹಬ್ಬ ಬಂದ ದಿನ ಅಂಗಳದಲ್ಲಿ ಅವಳು ಮಾಳಿಂಗನ ಕೈಗೆ ಒಂದು ಹಿಡಿ ಬನ್ನಿ ಎಲೆ ಕೊಟ್ಟಳು.

"ಇದನ್ನ ಹಿಡಕೊಂಡು ಹೇಳು ಮಾಳ್ಯಾ. ಬಿಡ್ತೀನಿ ಅನ್ನು. ಯವ್ವ ಅಪ್ಪನ ಪಿಸ್ತೂಲಾನ ಬಿಟ್ಟಳು. ನಿನಗ ಇದು ಬಿಡಾಕ ಆಗಂಗಿಲ್ಲೇನು?"

ಮಾಳಿಂಗ ಎಲೆಗಳನ್ನು ನೋಡುತ್ತ ಕೂತ. ಸೊರಗಿದ್ದ, ಕೊರಳಿನ ಎಲುಬು ಕಾಣುತ್ತಿತ್ತು. "ಯವ್ವ ಶಂಕ್ರೆಪ್ಪ ಮುತ್ಯಾಗ ಬಂಗಾರ ಕೊಟ್ಟಳು. ಅಂವಾ ಈಕಿಗಿ ಕೊಟ್ಟ. ಇಬ್ಬರೂ ಒಮ್ಮೆಲೆ ಇಳಿಸಿದ್ರು," ಎಂದ. "ನಾ ಇದನ್ನ ಯಾರಿಗಿ ಕೊಡ್ಲಿ ಅಕ್ಕಾ? ನನ್ನ ಎದುರಿನಾಂವ ನನ್ನ ಬೆನ್ನಾಗ ಕುಂತಾನ. ಅಂವಾ ಕೈ ಚಾಚಂಗಿಲ್ಲ."

"ಮಾತ ಬಾಳ ಕಲ್ತಿ ನೋಡು."

"ನಿನ್ನ ತಮ್ಮಲ್ಲೇನು," ಎಂದು ನಕ್ಕ. ಎಲೆಗಳನ್ನು ಅವಳ ಕೈಗೇ ಮರಳಿಸಿದ.

ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಪುಡಿಗೆ ವಾಸನೆ ಇಲ್ಲದಿದ್ದರೇನು, ತಮ್ಮನಿಗೆ ಇದೆಯಲ್ಲ ಎಂದುಕೊಂಡಳು ನೀಲಗಂಗಾ. ಅವನ ಬೆವರಿನ ಅಂಗಿಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ, ವಿಭಾವರಿಗೂ ತಿಳಿಸದೆ, ಕರಿಮಡ್ಡಿಯ ಎಲ್ಲ ಬಿಲ್ಲೆಗಳಿಗೂ ಆ ಬೆವರಿನ ಬೀಗ ಕಲಿಸಿದಳು. ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಹುಟ್ಟಿತು. ಅದು ಮಾಳಿಂಗ. ಅವನು ಎಲ್ಲಿ ಹೋದರೆ ಅದು ಅಲ್ಲಿ. ಪುಡಿ ಸಿಗುವ ಪೇಟೆಯ ಕಡೆ ಹೊರಟರೆ ಅವಳು ಫೋನು ಮಾಡಿ ಬೈಯುತ್ತಿದ್ದಳು. ಅವನು ಬೆಚ್ಚಿಬೀಳುತ್ತಿದ್ದ. ಕೊನೆಗೆ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಲು ಕಲಿತ.

ಒಂದು ಮಧ್ಯಾಹ್ನ ನೀಲಿ ಚುಕ್ಕೆ ಮನೆಯಿಂದ ಹೊರಟಿತು. ಪೇಟೆಯ ಕಡೆ ತಿರುಗಲಿಲ್ಲ. ಸೀದಾ ಹೊಳೆಯ ಕಡೆ ಇಳಿದು, ದಂಡೆಯ ಕೊನೆಯ ಕಂಬದ ಹತ್ತಿರ, ಮೇಟಿ ಶಂಕ್ರೆಪ್ಪನ ಪಂಪುಮನೆ ಇರುವಲ್ಲಿ ನಿಂತಿತು. ನೀಲಗಂಗಾ ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾಹಿಂಡಿ, ಮೊಸರು. ಉಣ್ಣುತ್ತ ನೋಡಿದಳು, ಚುಕ್ಕೆ ಕದಲಿರಲಿಲ್ಲ. ಕೈತೊಳೆದು ಬಂದಳು, ಕದಲಿರಲಿಲ್ಲ. ಎಷ್ಟೋ ದಿನದ ಮೇಲೆ ಅವಳ ಎದೆ ಹಗುರಾಯಿತು.

ತಾಯಿಗೆ ಫೋನು ಮಾಡಿದಳು. "ಯವ್ವಾ, ಮಾಳ್ಯಾ ಹೊಳಿ ದಂಡಿಗಿ ಕುಂತಾನ. ಎಲ್ಲೂ ಅಡ್ಡಾಡವಲ್ಲ, ಶಾಂತ ಅದಾನ. ಇವತ್ತ ಚಿಂತಿ ಮಾಡಬ್ಯಾಡ."

ಇಳಿಹೊತ್ತಿನ ತನಕ ಆ ಚುಕ್ಕೆ ಅಲ್ಲೇ ಇತ್ತು. ಅವಳು ಆಗಾಗ ನೋಡಿ ಸಮಾಧಾನಪಟ್ಟಳು.

ಶಂಕ್ರೆಪ್ಪ ಮೋಟರು ಚಾಲೂ ಮಾಡಲು ಹೋದಾಗ ಬಾಗಿಲಿಗೆ ಒಳಚಿಲಕ ಬಿದ್ದಿತ್ತು. ಕೂಗಿದ. ಭುಜ ಕೊಟ್ಟು ಒಡೆದ. ಆ ಮುದುಕ ಮಣೂರ ರಾಮಗೊಂಡನ ಮಗನನ್ನು ತನ್ನ ಬೆನ್ನ ಮೇಲೆ ಹೊತ್ತುಕೊಂಡು ಊರಿನ ನಡುವೆ ಬಂದ. ಭಾಗವ್ವ ಓಡಿ ಬಂದು ಕೌದಿ ಹಾಸಿದಳು. ಅದರ ಮೇಲೆ ಮಲಗಿಸಿದರು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ, ಬೆವರು ಆರಿರಲಿಲ್ಲ.

ನಿಯಂತ್ರಣ ಕೋಣೆಯಲ್ಲಿ ನೀಲಗಂಗಾ ಚುಕ್ಕೆ ಮನೆಯ ಕಡೆ ಬರುವುದನ್ನು ನೋಡಿದಳು. ತಮ್ಮ ಮನೆಗೆ ಹೊರಟ ಎಂದು ನಕ್ಕಳಂತೆ.

ಮಣ್ಣು ಮಾಡಿ ಬಂದು, ದಿನಕರ್ಮ ಮುಗಿದ ಮೇಲೆ ಅವಳು ಕೆಲಸಕ್ಕೆ ಹೋದಳು. ಪರದೆ ಹಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಅವರ ಮನೆಯ ಜಾಗದಲ್ಲಿ ನೀಲಿ ಚುಕ್ಕೆ ಹೊತ್ತಿಕೊಂಡಿತು.

ಅವಳು ಎದ್ದು ನಿಂತದ್ದು, ಕುರ್ಚಿ ಬಿದ್ದದ್ದು, ಹೇಗೋ ಬಸ್ಸು ಹತ್ತಿದ್ದು ಯಾವುದೂ ಅವಳಿಗೆ ನೆನಪಿರಲಿಲ್ಲ. ಅಂಗಳಕ್ಕೆ ಬಂದು ನೋಡಿದರೆ ಭಾಗವ್ವ ಆ ಕೌದಿಯನ್ನು ಹಗ್ಗದ ಮೇಲೆ ಬಿಸಿಲಿಗೆ ಹಾಕಿ, ಅದರ ಅಂಚು ಹಿಡಿದುಕೊಂಡು ನಿಂತಿದ್ದಳು.

"ತೊಳದಿಲ್ಲೇನಬೇ?"

"ತೊಳ್ಯಾಂಗಿಲ್ಲ," ಎಂದಳು ಭಾಗವ್ವ. "ಬಿಸಿಲಿಗಿ ಹಾಕಿದ್ರ ಅವನ ವಾಸನಿ ಏಳ್ತೈತಿ. ಸಂಜೀಮುಂದ ಮಡಚಿ ಇಡ್ತೀನಿ."

ಅಂದಿನಿಂದ ದಿನಾ ಅದೇ. ಪ್ರತಿ ಮಧ್ಯಾಹ್ನ ಸತ್ತವನು ಪರದೆಯ ಮೇಲೆ ಮನೆಗೆ ಬರುತ್ತಿದ್ದ. ಒಮ್ಮೊಮ್ಮೆ ಹೊಳೆಯ ದಂಡೆಯಲ್ಲೂ ಕಾಣುತ್ತಿದ್ದ. ಪಂಪುಮನೆಯ ಮಣ್ಣಿನ ಗೋಡೆ ಬೆವರು ಕುಡಿದಿದೆ, ಕಾದಾಗ ಬಿಡುತ್ತದೆ ಎಂದು ವಿಭಾವರಿ ವಿವರಿಸಿದಳು. ಸರಿಯೇ ಇರಬೇಕು. ಆದರೆ ಮೋಡ ಮುಚ್ಚಿದ ದಿನವೂ ಕಾಣುತ್ತಿದ್ದ. ಅದಕ್ಕೆ ಯಾರೂ ವಿವರ ಕೊಡಲಿಲ್ಲ, ನನ್ನನ್ನೂ ಕೇಳಬೇಡಿ.

"ಆ ಬೀಗ ಅಳಿಸಿಬಿಡಿ ನೀಲಾ," ಎಂದಳು ವಿಭಾವರಿ. "ಹೀಗೆ ದಿನಾ ನೋಡ್ತಾ ಕೂತರೆ ನೀವು ಉಳಿಯಲ್ಲ."

ನೀಲಗಂಗಾ ಅಳಿಸಲಿಲ್ಲ. ಮಾಳಿಂಗ ಸತ್ತ ಮಧ್ಯಾಹ್ನ ಕಂಬ ಹಿಡಿದಿಟ್ಟ ವಾಸನೆಯ ಗೆರೆಗಳನ್ನು ತೆಗೆದು ಮತ್ತೆ ಮತ್ತೆ ನೋಡಿದಳು. ಚುಕ್ಕೆ ಒಂದೇ ಕಡೆ ನಿಂತಿತ್ತು ನಿಜ, ಆದರೆ ಗೆರೆ ನಿಂತಿರಲಿಲ್ಲ. ಉಸಿರು ಇಳಿಯುತ್ತ ಹೋದಂತೆ ಮೈಯ ಬೆವರು ಬೇರೆಯಾಗುತ್ತದೆ, ಒಂದು ಥರ ಹುಳಿಯಾಗುತ್ತದೆ, ಆ ಹುಳಿ ಯಾರ ಮೈಯದಾದರೂ ಒಂದೇ. ಗೆರೆ ಮೆಲ್ಲಗೆ ಬಾಗುತ್ತ ಬಾಗುತ್ತ ಹೋಗಿತ್ತು. ಅವಳು ರೊಟ್ಟಿ ಮುರಿಯುವಾಗಲೇ ಬಾಗಲು ಶುರುವಾಗಿತ್ತು. ಫೋನಿನಲ್ಲಿ ತಾಯಿಗೆ ಶಾಂತ ಅದಾನ ಎಂದಾಗ ಅರ್ಧ ಬಾಗಿತ್ತು. ಆಗಲೂ ಯಾರಾದರೂ ಓಡಿದ್ದರೆ ಆಗುತ್ತಿತ್ತು. ಕಂಬ ಹೇಳುತ್ತಲೇ ಇತ್ತು, ಆ ಮಾತಿಗೊಂದು ಗಂಟೆ ಕಟ್ಟಿರಲಿಲ್ಲ, ಅಷ್ಟೇ.

ಅವಳು ಆ ಬಾಗಿದ ಗೆರೆಯಿಂದ ಹೊಸ ಬೀಗ ಮಾಡಿದಳು. ತಮ್ಮನ ಕೊನೆಯ ಬೆವರನ್ನು ಊರಿನ ಎಲ್ಲ ಕಂಬಕ್ಕೂ ಕಲಿಸಿ ವಿಭಾವರಿಯ ಮುಂದೆ ನಿಂತಳು.

"ಈ ಬೀಗ ಕದಲಿದ್ರ ಸುದ್ದಿ ಸ್ಟೇಷನ್ನಿಗೆ ಹೋಗಬಾರದ್ರಿ ಮೇಡಂ. ಹತ್ತಿರದ ಮನಿಗಿ ಹೋಗಬೇಕು."

"ಕಾನೂನು ಹಾಗಿಲ್ಲ ನೀಲಾ. ಪಿಸ್ತೂಲು, ಪುಡಿ ಎರಡೂ ನಿಷೇಧ. ಎರಡಕ್ಕೂ ಒಂದೇ ತಂತಿ."

"ತುಪಾಕಿ ವಾಸನಿ ಸ್ಟೇಷನ್ನಿಗೇ ಹೋಗ್ಲಿ, ಬ್ಯಾಡ ಅನ್ನಂಗಿಲ್ಲ. ತುಪಾಕಿ ಇಟ್ಟಾಂವ ಇನ್ನೊಬ್ಬನ ಬೆನ್ನು ನೋಡ್ಕೊಂತ ಕುಂತಿರ್ತಾನ. ಅಂವನ ಕೈಯಾಗಿಂದು ಕಸಗೊಂಡ್ರ ಇನ್ನೊಬ್ಬಾಂವ ಉಳೀತಾನ. ನನ್ನ ತಮ್ಮ ಯಾರ ಬೆನ್ನು ನೋಡಾಕತ್ತಿದ್ದಾರೀ? ಅಂವನ ಕೈಯಾಗಿಂದು ನಾ ಕಸಗೊಂಡೆ, ಅಂವಾ ಚಿಲಕಾ ಹಾಕ್ಕೊಂಡ. ಚಿಲಕಾ ನಾ ಹಾಕಿದ್ದು, ಮೇಡಂ. ಹೊರಗ ನಿಂತು ನಾನ ಹಾಕೀನಿ."

ವಿಭಾವರಿ ತಾನೇ ಕೂತು ಎರಡು ತಂತಿ ಬೇರೆ ಮಾಡಿದಳು. ಮೇಲಿನವರಿಗೆ ಏನೆಂದು ಹೇಳಿದಳೋ, ಅವಳೇ ಬಲ್ಲಳು. ಮುಂದೆ ಅವಳನ್ನು ಆ ಕೆಲಸದಿಂದ ತೆಗೆದರು ಎಂದು ಕೇಳಿದ್ದೇನೆ.

ಕರಿಮಡ್ಡಿಯ ಮನೆಮನೆಗೂ ಗಂಟೆ ಬಂತು. ಪಕ್ಕದವನ ಉಸಿರು ಇಳಿದರೆ ನಿನ್ನ ಗಂಟೆ ಬಡಿಯುತ್ತದೆ, ನೀನು ಓಡಬೇಕು. ಜನ ಗೊಣಗಿದರು. ಕುಡುಕರಿಗೆ, ಪುಡಿಯವರಿಗೆ ನಾವು ಕಾವಲೇ ಎಂದರು. ಮೊದಲ ಸಲ ಬಡಿದದ್ದು ಕಿರಾಣಿ ಅಂಗಡಿಯ ಲಗಮವ್ವನ ಗಂಟೆ. ಪಕ್ಕದ ಕೋಣೆಯಲ್ಲಿದ್ದವನು ದುಂಡಪ್ಪ. ಅವಳು ತಕ್ಕಡಿ ಅಲ್ಲೇ ಬಿಟ್ಟು ಓಡಿ, ಬಾಗಿಲು ಮೀಟಿ, "ಎಚ್ಚರದೀಯೇನೋ ಭಾಡ್ಯಾ!" ಎಂದು ಎರಡೂ ಕಪಾಳಕ್ಕೆ ಬಾರಿಸಿ, ನೀರು ಸುರಿದು, ಬಾಯಿಗೆ ಬಾಯಿಟ್ಟು ಗಾಳಿ ಊದಿದಳು. ಅವನು ಕಣ್ಣು ಬಿಟ್ಟ. ಪುಡಿ ಬಿಟ್ಟನೇ? ಆ ದಿನ ಬಿಡಲಿಲ್ಲ. ಬದುಕಿದ್ದ, ಅದಕ್ಕೇ ಎಷ್ಟೋ ಕಾಲದ ಮೇಲೆ ಬಿಟ್ಟ.

ಆದರೆ ಕೌದಿ? ಅದರಲ್ಲಿದ್ದದ್ದೂ ಅದೇ ಕೊನೆಯ ಬೆವರು. ಭಾಗವ್ವ ಅದನ್ನು ಬಿಸಿಲಿಗೆ ಹಾಕಿದೊಡನೆ ಎದುರು ಮನೆಯಲ್ಲಿ ಶಂಕ್ರೆಪ್ಪನ ಗಂಟೆ ಬಡಿಯಿತು. ಮುದುಕ ಊಟದ ತಟ್ಟೆ ಬಿಟ್ಟು, ಎಂಜಲು ಕೈಯಲ್ಲೇ ಓಡಿ ಬಂದು ಬಾಗಿಲು ಬಡಿದ. "ಭಾಗವ್ವಾ! ಎಚ್ಚರದೀಯೇನವಾ?" ಕೌದಿ ನೋಡಿ ಗೊತ್ತಾಯಿತು. ಸುಮ್ಮನೆ ಕಟ್ಟೆಯ ಮೇಲೆ ಕೂತ. ಅವಳು ಚಹಾ ಕೊಟ್ಟಳು. ಮರುದಿನವೂ ಬಡಿಯಿತು, ಮರುದಿನವೂ ಓಡಿ ಬಂದ.

"ದಿನಾ ಯಾಕ ಓಡಿ ಬರ್ತಿ ಮುತ್ಯಾ?" ಎಂದಳು ಒಮ್ಮೆ ನೀಲಗಂಗಾ. "ಕೌದಿ ಅನ್ನೂದು ನಿನಗ ಗೊತ್ತೈತಿ."

"ಗೊತ್ತೈತಿ ಅಂತ ಕುಂತ ದಿನಾನ ಖರೇ ಆದ್ರ?" ಎಂದ ಶಂಕ್ರೆಪ್ಪ ಏದುಸಿರು ಬಿಡುತ್ತ. "ಮೊದಲ ಈ ಮನ್ಯಾಗ ಸಪ್ಪಳಾದ್ರ ನಾ ಬಾಗಿಲಾ ಹಾಕ್ಕೋತಿದ್ದೆ ನೋಡವಾ."

ಭಾಗವ್ವ ಕೊನೆಕೊನೆಗೆ ಮೊದಲು ಒಲೆಯ ಮೇಲೆ ಚಹಾ ಇಟ್ಟು, ಆಮೇಲೆ ಕೌದಿ ಬಿಸಿಲಿಗೆ ಹಾಕುತ್ತಿದ್ದಳು. ಸತ್ತ ಮಗ ಗಂಟೆ ಬಾರಿಸುತ್ತಿದ್ದ, ಗಂಡನ ವೈರಿ ಚಹಾಕ್ಕೆ ಬರುತ್ತಿದ್ದ.

ಅವಳು ಸತ್ತಾಗ ಕೌದಿಯನ್ನೂ ಅವಳ ಜೊತೆಗೇ ಮಣ್ಣಿಗೆ ಹಾಕಿದರು. ಮರುದಿನ ಮಧ್ಯಾಹ್ನ ನೀಲಗಂಗಾ ಮನೆಯಲ್ಲಿ ಒಬ್ಬಳೇ. ಯಾರ ಮುಖವೂ ಬೇಡವಾಗಿ ಚಿಲಕ ಹಾಕಿಕೊಂಡು ನೆಲದ ಮೇಲೆ ಬಿದ್ದಿದ್ದಳು. ಬರಿದಾದ ಹಗ್ಗ ಕಿಟಕಿಯಿಂದ ಕಾಣುತ್ತಿತ್ತು. ಗಂಟೆ ಬಡಿಯಲಿಲ್ಲ, ಬಡಿಯಲು ಏನೂ ಉಳಿದಿರಲಿಲ್ಲ. ಆದರೂ ಆ ಹೊತ್ತಿಗೇ ಸರಿಯಾಗಿ ಬಾಗಿಲು ಸಪ್ಪಳವಾಯಿತು.

"ನೀಲವ್ವಾ. ಎಚ್ಚರದೀಯೇನವಾ?"

ಅವಳು ಗೋಡೆಯ ಕಡೆ ಹೊರಳಿದಳು.

"ನೀಲವ್ವಾ!" ಮತ್ತೆ ಬಡಿದ. ಮತ್ತೆ ಬಡಿದ. ಮುದುಕನ ಉಸಿರು ಬಾಗಿಲಿನ ಸಂದಿಯಿಂದ ಕೇಳುತ್ತಿತ್ತು. ಭುಜ ಕೊಡಲು ಹಿಂದೆ ಸರಿದ ಸಪ್ಪಳವೂ ಕೇಳಿತು.

"ಎಚ್ಚರದೇನಿ ಮುತ್ಯಾ," ಎಂದಳು ನೀಲಗಂಗಾ. ಎದ್ದು ಚಿಲಕ ತೆಗೆದಳು.

ಕಂಬಗಳು ಆಮೇಲೆ ಕೆಟ್ಟವು, ಸರಕಾರ ಮರೆಯಿತು, ನೀವು ಎಮ್ಮೆ ಕಟ್ಟಿದಿರಿ. ಬಡಿಯುವುದು ಮಾತ್ರ ಉಳಿಯಿತು. ಈಗ ನಿಮ್ಮಲ್ಲಿ ಯಾರಾದರೂ ನನಗೆ ಮರೆವು ಅನ್ನುವುದಿದ್ದರೆ ಅನ್ನಿ. ಆದರೆ ಮೊದಲು ಈ ಧ್ವನಿಯನ್ನು ಮುಂದಕ್ಕೆ ಕಳಿಸಿ. ಆ ವರ್ಗ ಮಾಡಿಸಿಕೊಂಡು ಹೋದ ಮಾಸ್ತರಿಗೂ ಕಳಿಸಿ. ಹಗಲು ಹೊತ್ತು ಚಿಲಕ ಹಾಕಿಕೊಳ್ಳುವವನು ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದರೆ ಅವನಿಗೆ ಕಳಿಸಬೇಡಿ, ಅವನ ಪಕ್ಕದ ಮನೆಯವರಿಗೆ ಕಳಿಸಿ.